ಪಳಗಿದ ಪೈಲಟ್‌ಗಳಿದ್ದರೂ ಸೇನೆಯ ತರಬೇತಿ ವಿಮಾನ ಗುಡ್ಡಕ್ಕೆ ಬಡಿಯುವುದು ಯಾಕೆ?

ಎಷ್ಟೋ ಸಲ ಎಂಜಿನ್ ಸರಿಯಾಗೇ ಇರುತ್ತದೆ. ಗುಡ್ಡ ಕಾಣುವುದು ತಡವಾಗುತ್ತದೆ, ಅಷ್ಟೆ.

ಮಳೆಗಾಲದಲ್ಲಿ ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಟಮಟ ಮಧ್ಯಾಹ್ನವೇ ಬಸ್ಸಿನ ಲೈಟು ಹಾಕಿರುತ್ತಾರೆ, ಮುಂದಿನ ತಿರುವು ಕಾಣುವುದಿಲ್ಲ. ಡ್ರೈವರ್ ಬ್ರೇಕ್ ಒತ್ತಿ ನಿಲ್ಲಬಹುದು. ವಿಮಾನ ನಿಲ್ಲುವ ಹಾಗಿಲ್ಲ ಅಲ್ವಾ? ಗಂಟೆಗೆ 360 ಕಿ.ಮೀ. ಅಂದರೆ ಸೆಕೆಂಡಿಗೆ 100 ಮೀಟರ್. ಆ ವೇಗದಲ್ಲಿ 45 ಡಿಗ್ರಿ ವಾಲಿಸಿ ವಾಪಸ್ ತಿರುಗಿಸಲು ಸುಮಾರು 2 ಕಿ.ಮೀ. ಅಗಲದ ಜಾಗ ಬೇಕು. ಕಣಿವೆ ಅದಕ್ಕಿಂತ ಇಕ್ಕಟ್ಟಾಗಿದ್ದು, ನೆಲ ವಿಮಾನಕ್ಕಿಂತ ಬೇಗ ಮೇಲೇರುತ್ತಿದ್ದರೆ ದಾರಿ ಮುಗಿದಂತೆ. ಜೊತೆಗೆ ಗುಡ್ಡ ದಾಟಿದ ಗಾಳಿ ಆಚೆ ಬದಿಯಲ್ಲಿ ಕೆಳಕ್ಕೆ ಒತ್ತುತ್ತದೆ.

ಹಾಗಾದರೆ ಅಷ್ಟು ಕೆಳಗೆ ಯಾಕೆ ಹಾರಬೇಕು? ರಾಡಾರ್ ಕಣ್ಣು ತಪ್ಪಿಸಲು. ಯುದ್ಧದಲ್ಲಿ ಬೇಕಾಗುವುದನ್ನು ಮೊದಲೇ ಕಲಿಯಲೇಬೇಕು.

ಆದರೆ ಎಲ್ಲ ಅಪಘಾತಕ್ಕೂ ಇದೇ ಕಾರಣ ಅನ್ನಬೇಡಿ. 2012ರ ಮಾರ್ಚ್ 15ರಂದು ನಾರ್ವೆ ವಾಯುಪಡೆಯ ಸಿ-130ಜೆ ಸಾಗಣೆ ವಿಮಾನ ಸಮರಾಭ್ಯಾಸದ ವೇಳೆ ಸ್ವೀಡನ್ನಿನ ಕೆಬ್ನೆಕೈಸೆ ಬೆಟ್ಟಕ್ಕೆ ಬಡಿದು ಐವರೂ ಸತ್ತರು. ಅದೇನು ಕಣಿವೆಯಲ್ಲಿ ನುಸುಳುತ್ತಿರಲಿಲ್ಲ. ಇಳಿಯಲು ಅನುಮತಿ ಸಿಕ್ಕಿದ ಎತ್ತರವೇ ಆ ಬೆಟ್ಟಕ್ಕೆ ಸಾಲುತ್ತಿರಲಿಲ್ಲ. ಅದನ್ನು ಕೊಟ್ಟ ವಾಯು ಸಂಚಾರ ನಿಯಂತ್ರಕರೂ ಗಮನಿಸಲಿಲ್ಲ, ಒಪ್ಪಿದ ಪೈಲಟ್‌ಗಳೂ ಗಮನಿಸಲಿಲ್ಲ.

‘ಹಿಡಿಕೆ ಎಳೆದರೆ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟು ಇರುತ್ತಲ್ಲ’ ಅಂತ ಕೇಳುತ್ತಾರೆ. ತರಬೇತಿ ಜೆಟ್‌ಗಳಲ್ಲಿ ಇರುತ್ತದೆ, ಅಂಥ ಸಾಗಣೆ ವಿಮಾನದಲ್ಲಿ ಇಲ್ಲ. ಇದ್ದರೂ, ಎದುರಿಗೆ ಗುಡ್ಡ ಇದೆ ಅಂತ ಗೊತ್ತಾಗದೆ ಹಿಡಿಕೆ ಎಳೆಯುವವರು ಯಾರು?