ಮನೆಯೊಳಗೆ ತೂಗುಹಾಕಿದ ಬಿಳಿ-ಹಸಿರು ಮನಿ ಪ್ಲಾಂಟ್‌ನ ಹೊಸ ಎಲೆಗಳೆಲ್ಲ ಹಸಿರಾಗಿ ಬರುತ್ತಿವೆ, ಹಳೆಯ ಎಲೆಗಳ ಬಿಳಿ ಭಾಗ ಕಂದಾಗುತ್ತಿದೆ. ಏನು ಮಾಡಬೇಕು?

ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಕಡೆಯ ಹಂಚಿನ ಮನೆ, ಎಪ್ರಿಲಿನಲ್ಲಿ ನರ್ಸರಿಯಿಂದ ತಂದ ಮಾರ್ಬಲ್ ಕ್ವೀನ್ ತಳಿಯ ಮನಿ ಪ್ಲಾಂಟ್, ಒಳಜಗಲಿಯ ಪಕ್ಕಾಸಿಗೆ (ಮಾಡಿನ ಮರದ ಪಟ್ಟಿಗೆ) ಕೊಕ್ಕೆ ಹಾಕಿ ತೂಗಿಸಿದ ಚಟ್ಟಿ, ದಿನಾ ಬೆಳಿಗ್ಗೆ ನೀರು, ತಿಂಗಳಿಗೊಂದು ಹಿಡಿ ಹಟ್ಟಿಗೊಬ್ಬರ. ನಿಮ್ಮ ಪ್ರಶ್ನೆಯ ಈ ವಿವರಗಳಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಬೆಳಕು ಸಾಲುತ್ತಿಲ್ಲ. ಇರುವ ಬೆಳಕಿಗೆ ಕೊಡುವ ನೀರು, ಗೊಬ್ಬರ ಎರಡೂ ಹೆಚ್ಚು. ಹೊಸ ಎಲೆ ಹಸಿರಾಗುವುದು, ಹಳೆಯ ಬಿಳಿ ಕಂದಾಗುವುದು ಬೇರೆ ಬೇರೆ ರೋಗಗಳಲ್ಲ.

ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಅದು ಆಹಾರ ತಯಾರಿಸುವುದಿಲ್ಲ. ಪಕ್ಕದ ಹಸಿರು ದುಡಿದು ಅದನ್ನೂ ಸಾಕಬೇಕು. ಬೆಳಕು ಧಾರಾಳವಾಗಿದ್ದರೆ ಹಸಿರಿಗೆ ಅದು ಭಾರವಲ್ಲ. ಬೆಳಕು ಕುಂದಿದಾಗ ಹಸಿರು ಹೆಚ್ಚಿರುವ ಚಿಗುರು ಬೇಗ ಬೆಳೆಯುತ್ತದೆ, ಬಿಳಿ ಹೆಚ್ಚಿರುವುದು ಹಿಂದೆ ಬೀಳುತ್ತದೆ. ಕೆಲವು ತಿಂಗಳಲ್ಲಿ ಚಟ್ಟಿಯ ತುಂಬ ಹಸಿರು ಬಳ್ಳಿಗಳೇ ಉಳಿಯುತ್ತವೆ. ನೀರು, ಉಪ್ಪು, ಬಿಸಿಲು ಯಾವುದು ಹೆಚ್ಚುಕಡಿಮೆಯಾದರೂ ಮೊದಲು ಸೋಲುವುದು ದುಡಿಯದ ಆ ಬಿಳಿ ಭಾಗವೇ.

ಕತ್ತರಿ ಹಿಡಿಯುವ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಹೊಸ ಎಲೆಯ ಹಸಿರಿನ ನಡುವೆ ಸಣ್ಣ ಬಿಳಿ ಚುಕ್ಕೆ, ಗೆರೆ ಇದೆಯೇ? ಕಾಂಡದ ಮೇಲೆ ಉದ್ದಕ್ಕೆ ಬಿಳಿ ಅಥವಾ ತಿಳಿಹಳದಿ ಪಟ್ಟಿ ಕಾಣುತ್ತದೆಯೇ? ಕಂಡರೆ ಆ ಬಳ್ಳಿಯಲ್ಲಿ ಬಿಳಿ ಇನ್ನೂ ಉಳಿದಿದೆ, ಬೆಳಕು ಸರಿಹೋದರೆ ಮುಂದಿನ ಎಲೆಗಳಲ್ಲಿ ಹೆಚ್ಚಾದೀತು. ಸಾಲಾಗಿ ಮೂರು ಎಲೆ ಅಪ್ಪಟ ಹಸಿರು, ಕಾಂಡವೂ ಸುತ್ತ ಹಸಿರು ಎಂದಾದರೆ ಆ ತುದಿಯಿಂದ ಬಿಳಿಯನ್ನು ನಿರೀಕ್ಷಿಸಬೇಡಿ. ಅಲ್ಲಿ ಬಿಳಿ ಜೀವಕೋಶಗಳ ಸಾಲೇ ಮುಗಿದಿರುತ್ತದೆ. ಅಕ್ಕಚ್ಚು (ಅಕ್ಕಿ ತೊಳೆದ ನೀರು), ಎಪ್ಸಮ್ ಉಪ್ಪು ಹಾಕಿದರೆ ಬಿಳಿ ಮರಳುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಅಕ್ಕಚ್ಚು ಮಳೆಗಾಲದಲ್ಲಿ ಹುಳಿತು ಸಣ್ಣ ಕಪ್ಪು ನೊಣಗಳನ್ನು ಕರೆಯುತ್ತದೆ. ಎಪ್ಸಮ್ ಉಪ್ಪಿನ ಮೆಗ್ನೀಷಿಯಮ್ ಪತ್ರಹರಿತ್ತಿನದೇ ಅಂಶ, ಅದರಿಂದ ಬಿಳಿ ಹೆಚ್ಚುವುದು ಹೇಗೆ?

ಈಗ ಬೆಳಕಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಅಂತರ್ಜಾಲದಲ್ಲಿ ಸಿಗುವ ಸಲಹೆ ಹೆಚ್ಚಿನದ್ದೂ ಚಳಿ ದೇಶಗಳ ಮನೆಗಳಿಗೆ ಬರೆದದ್ದು. ಹಂಚಿನ ಮನೆಯಲ್ಲಿ ಮಾಡು ತಗ್ಗಾಗಿ ಇಳಿದಿರುತ್ತದೆ, ಕಿಟಕಿ ಸಣ್ಣದು. ಆಟಿಯ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ಮೋಡದಲ್ಲಿ ನಡುಮಧ್ಯಾಹ್ನವೂ ಒಳಜಗಲಿಯಲ್ಲಿ ನೂರಿನ್ನೂರು ಲಕ್ಸ್ (ಬೆಳಕಿನ ಅಳತೆ) ಮಾತ್ರ ಇದ್ದರೆ ಆಶ್ಚರ್ಯವಿಲ್ಲ. ಬೆಳಕು ಅಳೆಯುವ ಉಚಿತ ಆ್ಯಪ್ ಫೋನಿಗೆ ಹಾಕಿಕೊಂಡು, ಫೋನನ್ನು ಎಲೆ ಇರುವ ಜಾಗದಲ್ಲಿ ಕಿಟಕಿಯ ಕಡೆಗೆ ಹಿಡಿದು ನೋಡಿ. ಲೆಕ್ಕ ಕರಾರುವಾಕ್ಕಾಗಿ ಇರದಿದ್ದರೂ ಎರಡು ಜಾಗಗಳನ್ನು ಹೋಲಿಸಲು ಸಾಕು. ಹಸಿರು ಮನಿ ಪ್ಲಾಂಟ್ ನೂರಿನ್ನೂರರಲ್ಲೂ ಹೇಗೋ ಬದುಕುತ್ತದೆ. ಬಿಳಿ ಮಚ್ಚೆಯದಕ್ಕೆ ಹಗಲಿನ ಹೆಚ್ಚು ಹೊತ್ತು 2,000 ಲಕ್ಸ್ ಆದರೂ ಬೇಕು, 5,000ದಿಂದ 10,000 ಸಿಕ್ಕಿದರೆ ಒಳ್ಳೆಯದು.

ಚಟ್ಟಿ ತೂಗಿಸಿದ ಎತ್ತರವೂ ಸರಿಯಿಲ್ಲ ಅನಿಸುತ್ತದೆ. ಪಕ್ಕಾಸಿನಿಂದ ತೂಗಿಸಿದ ಚಟ್ಟಿಯ ಬಾಯಿ ಸಾಮಾನ್ಯವಾಗಿ ಕಿಟಕಿಯ ಮೇಲಂಚಿಗಿಂತ ಮೇಲಿರುತ್ತದೆ. ಕಿಟಕಿಯ ಬೆಳಕು ಕೆಳಗೆ ನೇತಾಡುವ ತುದಿಗಳಿಗೆ ಸಿಗುತ್ತದೆ, ಮೇಲಿನ ಬುಡಕ್ಕೆ ಸಿಗುವುದಿಲ್ಲ. ಬುಡ ಬೋಳಾಗಿ ತುದಿಯಲ್ಲಿ ಮಾತ್ರ ಎಲೆ ಉಳಿಯುವುದು ಇದರಿಂದಲೇ. ಹಗ್ಗ ಉದ್ದ ಮಾಡಿ. ಮಣ್ಣಿನ ಮೇಲ್ಮೈ ಕಿಟಕಿಯ ಅರ್ಧ ಎತ್ತರಕ್ಕೆ ಬರಲಿ, ಚಟ್ಟಿ ಕಿಟಕಿಯಿಂದ ಎರಡು-ಮೂರು ಅಡಿಯೊಳಗಿರಲಿ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ.

ಯಾವ ದಿಕ್ಕಿನ ಕಿಟಕಿ? ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ತಾಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿ ಮಾಡಿನ ಅಡಿಯಿಂದ ಒಳಗೆ ನುಗ್ಗುತ್ತಾನೆ. ವರ್ಷವಿಡೀ ನೆಚ್ಚಬಹುದಾದದ್ದು ಪೂರ್ವದ ಕಿಟಕಿ: ಬೆಳಗಿನ ಎಂಟೂವರೆ-ಒಂಬತ್ತರ ತನಕದ ಬಿಸಿಲು ಬಿಳಿ ಎಲೆಗೂ ತೊಂದರೆ ಕೊಡುವುದಿಲ್ಲ. ಪಶ್ಚಿಮದ ಮೂರು ಗಂಟೆಯ ಬಿಸಿಲು ಬೇಡ. ಬೇರೆ ಕಿಟಕಿ ಇಲ್ಲದಿದ್ದರೆ ತೆಳು ಬಿಳಿ ಪರದೆ ಕಟ್ಟಿ. ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಅದರ ನೇರ ಅಡಿಯಲ್ಲಿ ಚಟ್ಟಿ ಇಡಬೇಡಿ. ಅಲ್ಲಿ ಬಿಸಿಲಿನ ಚೌಕ ನೆಲದ ಮೇಲೆ ಸರಿಯುತ್ತ ಹೋಗುತ್ತದೆ, ಮಾರ್ಚಿನಲ್ಲಿ ಎಲೆಯ ಮೇಲೆ ಸ್ವಲ್ಪ ಹೊತ್ತು ನಿಂತರೂ ಬಿಳಿ ಭಾಗ ಸುಡುತ್ತದೆ. ಮೂರು ಅಡಿ ಬದಿಗೆ ಇಟ್ಟರೆ ಅದೇ ಗಾಜಿನ ಹಂಚು ವರದಾನ. ಕತ್ತಲೆಯಲ್ಲಿದ್ದ ಗಿಡವನ್ನು ಒಂದೇ ದಿನ ಬೆಳಕಿಗೆ ತರಬಾರದು, ಹತ್ತು-ಹದಿನೈದು ದಿನಗಳಲ್ಲಿ ಹಂತಹಂತವಾಗಿ ಹತ್ತಿರಕ್ಕೆ ಸರಿಸಿ.

ಜೂನ್‌ನಿಂದ ಆಗಸ್ಟ್‌ವರೆಗೆ ಕಿಟಕಿಯ ಬೆಳಕೂ ಸಾಲದಾದರೆ ಸಾಧಾರಣ 9 ವಾಟ್‌ನ ಬಿಳಿ ಎಲ್‌ಇಡಿ ಬಲ್ಬ್ ಸಾಕು. 900 ಲುಮೆನ್, 6500 ಕೆಲ್ವಿನ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ತನ್ನಿ, ನೇರಳೆ ಬಣ್ಣದ ದುಬಾರಿ ದೀಪ ಬೇಡ. ಬಲ್ಬ್ ಚಟ್ಟಿಯ ಬಾಯಿಂದ ಒಂದೇ ಅಡಿ ಮೇಲಿರಬೇಕು. ಆ ದೂರದಲ್ಲಿ ಎರಡು-ಮೂರು ಸಾವಿರ ಲಕ್ಸ್ ಸಿಕ್ಕೀತು. ಮೂರು ಅಡಿಗೆ ಏರಿಸಿದರೆ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಆಗ ಉರಿಸಿ ಪ್ರಯೋಜನವಿಲ್ಲ. ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ ಖರ್ಚು.

ಬೆಳಕಿನ ವ್ಯವಸ್ಥೆ ಆದ ಮೇಲೆ ಕತ್ತರಿ. ಕತ್ತರಿಯ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹಸಿರಾದ ತುದಿಯಿಂದ ಹಿಂದಕ್ಕೆ ಬನ್ನಿ. ಬಿಳಿ-ಹಸಿರು ಸುಮಾರು ಸಮವಾಗಿ ಬೆರೆತ ಕೊನೆಯ ಎಲೆ ಎಲ್ಲಿದೆಯೋ ನೋಡಿ, ಅದರ ಗಂಟಿನಿಂದ ಅರ್ಧ-ಒಂದು ಸೆಂಟಿಮೀಟರ್ ಮುಂದೆ ಕತ್ತರಿಸಿ. ಹೊಸ ಕವಲು ಆ ಗಂಟಿನ ಮೊಗ್ಗಿನಿಂದ ಬರುತ್ತದೆ. ಮೊಗ್ಗು ಕುಳಿತಿರುವ ಕಡೆ ಕಾಂಡದಲ್ಲಿ ಬಿಳಿ ಪಟ್ಟಿ ಇದ್ದರೆ ಕವಲಿಗೂ ಬಿಳಿ ಬರುವ ಸಂಭವ ಹೆಚ್ಚು. ಅಲ್ಲಿ ಹಸಿರು ಮಾತ್ರ ಇದ್ದರೆ ಇನ್ನೊಂದು ಗಂಟು ಹಿಂದಕ್ಕೆ ಹೋಗಿ. ಪೂರ್ತಿ ಬಿಳಿ ಎಲೆಗಳೇ ಬರುತ್ತಿರುವ ಬಳ್ಳಿ ನೋಡಲು ಎಷ್ಟೇ ಚಂದವಿದ್ದರೂ ಅದನ್ನೂ ಹೀಗೆಯೇ ಹಿಂದಕ್ಕೆ ಕತ್ತರಿಸಬೇಕು, ಅದು ತನ್ನನ್ನು ತಾನು ಸಾಕಿಕೊಳ್ಳಲಾರದು. ಆಟಿಯಲ್ಲಿ ಕತ್ತರಿಸಿದರೆ ಚಿಗುರು ನಿಧಾನ, ಗಾಯ ಕೊಳೆಯುವ ಭಯವೂ ಇದೆ. ಅಪ್ಪಟ ಹಸಿರು ಬಳ್ಳಿ ಒಂದೆರಡು ಇದ್ದರೆ ಈಗಲೇ ತೆಗೆಯಿರಿ, ದೊಡ್ಡ ಕತ್ತರಿಕೆ ಸೆಪ್ಟೆಂಬರ್ ಕೊನೆಗಿರಲಿ.

ಇನ್ನು ಕಂದು ಕಲೆ. ಬೆಳಕಿಗೆ ಮುಖ ಮಾಡಿದ ಕಡೆ ಎಲೆಯ ನಡುವೆ ಕಾಗದದಂತೆ ಒಣಗಿದ ಮಚ್ಚೆ ಇದ್ದರೆ ಅದು ಬಿಸಿಲಿನದು. ಅಂಚು, ತುದಿ ಒಣಗಿ ಕಂದಾದರೆ ಉಪ್ಪು, ಇಲ್ಲವೇ ಒಮ್ಮೆ ಬತ್ತಿಸಿ ಒಮ್ಮೆ ಮುಳುಗಿಸುವ ನೀರು. ಮೆತ್ತಗೆ ನೀರು ತುಂಬಿದ ಹಾಗೆ ಕಪ್ಪಾಗಿ ಸುತ್ತ ಹಳದಿ ಉಂಗುರ ಇದ್ದರೆ ಕೊಳೆರೋಗ, ಆ ಎಲೆಯನ್ನು ತೊಟ್ಟಿನ ಸಮೇತ ತೆಗೆದು ಗಿಡವನ್ನು ಗಾಳಿಯಾಡುವಲ್ಲಿ ಇಡಿ. ನೀವು ದಿನಾ ನೀರು ಹಾಕುವುದರಿಂದ ಬೇರನ್ನು ನೋಡಲೇಬೇಕು. ಗಿಡವನ್ನು ಮಣ್ಣಿನ ಸಮೇತ ಹೊರಗೆ ಜಾರಿಸಿ. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದನ್ನು ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ನಡುವಿನ ನೂಲು ಮಾತ್ರ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಬೇರು ಕೊಳೆತಿದ್ದರೆ ಆ ಬುಡವನ್ನು ಉಳಿಸಲು ಹೆಣಗುವುದಕ್ಕಿಂತ ಒಳ್ಳೆಯ ಬಳ್ಳಿಗಳಿಂದ ತುಂಡು ಮಾಡಿ ಹೊಸದಾಗಿ ನೆಡುವುದೇ ಲೇಸು.

ನೀರಿಗೆ ದಿನದ ಲೆಕ್ಕ ಇಡಬೇಡಿ. ಎರಡು ಇಂಚು ಆಳಕ್ಕೆ ಬೆರಳು ಹಾಕಿ, ಅಲ್ಲಿ ಒಣಗಿದ್ದರೆ ಮಾತ್ರ ಹಾಕಿ. ಆರಿಂಚಿನ ಚಟ್ಟಿಗೆ 300ರಿಂದ 400 ಮಿಲಿ, ಅಡಿಯ ತೂತಿನಿಂದ ಹೊರಬರುವಷ್ಟು. ಮಾರ್ಚ್-ಮೇಯಲ್ಲಿ ಇದು ನಾಲ್ಕೈದು ದಿನಕ್ಕೊಮ್ಮೆ ಬಂದೀತು, ಆಟಿಯಲ್ಲಿ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ. ತೂಗುಚಟ್ಟಿಯ ಅಡಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ತಟ್ಟೆಯನ್ನು ಮಳೆಗಾಲದಲ್ಲಿ ಕಳಚಿಡಿ. ಅದರಲ್ಲಿ ನಿಂತ ನೀರು ಕೆಳಗಿನಿಂದ ಕಾಣುವುದಿಲ್ಲ, ಬೇರು ಕೊಳೆಯುವುದು ಅಲ್ಲಿಂದಲೇ ಶುರು, ಸೊಳ್ಳೆಯೂ ಆಗುತ್ತದೆ. ಎಲೆಗೆ ನೀರು ಚಿಮುಕಿಸುವ ಅಗತ್ಯ ನಮ್ಮ ಕರಾವಳಿಯಲ್ಲಿ ಇಲ್ಲವೇ ಇಲ್ಲ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು, ಮುರಕಲ್ಲಿನ ಗುಡ್ಡದ ಬಾವಿಯ ನೀರು ಈ ಗಿಡಕ್ಕೆ ಚೆನ್ನಾಗಿ ಹಿಡಿಸುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಕರೆಯವರು ಬೇಸಿಗೆಯಲ್ಲಿ ಬಾವಿಯ ನೀರು ಸವಳಾಗಿದೆಯೇ ನೋಡಿಕೊಳ್ಳಬೇಕು.

ಮಣ್ಣು ಬದಲಿಸುವುದಾದರೆ ಈ ಹದ: ತೊಳೆದ ತೆಂಗಿನ ನಾರಿನ ಹುಡಿ ಎರಡು ಪಾಲು, ಬೆರಳ ತುದಿಯಷ್ಟರ ತೆಂಗಿನ ಸಿಪ್ಪೆಯ ತುಂಡು ಒಂದು ಪಾಲು, ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಅಥವಾ ಬಟಾಣಿ ಗಾತ್ರದ ಗೆರಟೆ ಇದ್ದಿಲು ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು. ನಾರಿನ ಹುಡಿಯನ್ನು ತೊಳೆಯುವ ಕೆಲಸ ತಪ್ಪಿಸಬೇಡಿ. ಚೌಳು ನೀರಲ್ಲಿ ನೆನೆಹಾಕಿದ ಸಿಪ್ಪೆಯ ಹುಡಿಯಲ್ಲಿ ಉಪ್ಪು ತುಂಬ ಇರುತ್ತದೆ. ರಾತ್ರಿ ನೆನೆಹಾಕಿ ಹಿಂಡಿ, ಹೀಗೆ ಮೂರು ಸಲ. ಮೊದಲ ನೀರು ಕಟ್ಟು ಚಹಾದ ಬಣ್ಣಕ್ಕಿರುತ್ತದೆ, ಕೊನೆಯದು ತಿಳಿಯಾಗಬೇಕು. ಕಡಲ ಹೊಯಿಗೆ (ಮರಳು) ಬೇಡ. ತೋಟದ ಕೆಂಪು ಮಣ್ಣು ತೂಗುಚಟ್ಟಿಗೆ ಭಾರ, ನೀರು ಬಿದ್ದು ಬಿದ್ದು ಗಟ್ಟಿಯಾಗುತ್ತದೆ. ಸುಡುಮಣ್ಣು ತರಕಾರಿಗೆ ಒಳ್ಳೆಯದು, ಆದರೆ ಅದರ ಬೂದಿಯ ಕ್ಷಾರ ಈ ಗಿಡಕ್ಕೆ ಹಿತವಲ್ಲ.

ಹಟ್ಟಿಗೊಬ್ಬರವನ್ನು ನಿಲ್ಲಿಸಿ. ಸರಿಯಾಗಿ ಕಳಿಯದ ಗೊಬ್ಬರ ಸಣ್ಣ ಚಟ್ಟಿಯಲ್ಲಿ ಬೇರನ್ನು ಸುಡುತ್ತದೆ, ಸಾರಜನಕ ಹೆಚ್ಚಾದಷ್ಟೂ ಹಸಿರು ಕವಲುಗಳ ಓಟ ಜೋರಾಗುತ್ತದೆ. ನೀರಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿನದು) ಲೀಟರಿಗೆ ಅರ್ಧ ಗ್ರಾಮ್, ಮೂರು-ನಾಲ್ಕು ವಾರಕ್ಕೊಮ್ಮೆ, ಸೆಪ್ಟೆಂಬರಿನಿಂದ ಮೇವರೆಗೆ ಮಾತ್ರ. ಮಳೆಗಾಲದ ಮೂರು ತಿಂಗಳು ಏನೂ ಬೇಡ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಚಟ್ಟಿಯ ಗಾತ್ರದ ಮೂರು ಪಟ್ಟು ನೀರನ್ನು ನಿಧಾನವಾಗಿ ಹೊಯ್ದು ಕೆಳಗೆ ಹರಿಯಬಿಟ್ಟರೆ ಕೂತ ಉಪ್ಪು ತೊಳೆದುಹೋಗುತ್ತದೆ.

ಕತ್ತರಿಸಿದ ತುಂಡುಗಳಲ್ಲಿ ಒಳ್ಳೆಯ ಮಚ್ಚೆ ಇರುವುದನ್ನು ಬಿಸಾಡಬೇಡಿ. ಮನಿ ಪ್ಲಾಂಟ್ ಹೂ ಬಿಡುವುದು ಅತಿ ಅಪರೂಪ, ಹೂವಿಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನನ್ನು ಅದು ಸಾಕಷ್ಟು ತಯಾರಿಸುವುದಿಲ್ಲ. ಬೀಜ ಇಲ್ಲ, ಬಿಳಿ ಮಚ್ಚೆ ಮುಂದುವರಿಯುವುದು ಗಂಟಿನಿಂದ ಮಾತ್ರ. ಒಂದು ಎಲೆ, ಒಂದು ಗಂಟು, ಗಂಟಿನ ಕೆಳಗೆ ಎರಡು-ಮೂರು ಸೆಂಟಿಮೀಟರ್ ಕಾಂಡ, ಇಷ್ಟು ಸಾಕು. ಗಂಟಿಲ್ಲದ ಎಲೆಗೆ ಬೇರು ಬಂದರೂ ಬಳ್ಳಿ ಬರುವುದಿಲ್ಲ. ಒದ್ದೆ ನಾರಿನ ಹುಡಿಯಲ್ಲಿ ಗಂಟು ಮುಚ್ಚುವಂತೆ ಊರಿದರೆ ಎರಡು-ಮೂರು ವಾರದಲ್ಲಿ ಬೇರು. ನೀರಲ್ಲಿ ಇಡುವುದಾದರೆ ವಾರಕ್ಕೆರಡು ಸಲ ನೀರು ಬದಲಿಸಿ, ಬೇರು ಎರಡು ಇಂಚಾದಾಗಲೇ ಚಟ್ಟಿಗೆ ಹಾಕಿ. ಆರಿಂಚಿನ ಚಟ್ಟಿಗೆ ಆರರಿಂದ ಎಂಟು ತುಂಡು ನೆಟ್ಟರೆ ಬೇಗ ತುಂಬುತ್ತದೆ. ಬೋಳಾದ ಬುಡವಿದ್ದರೆ ಉದ್ದ ಬಳ್ಳಿಯೊಂದನ್ನು ಮಣ್ಣಿನ ಮೇಲೆ ಸುತ್ತಿ, ಹಿಡಿಸೂಡಿ ಕಡ್ಡಿಯನ್ನು ಮಡಚಿ ಗಂಟಿನ ಬಳಿ ಚುಚ್ಚಿ ಹಿಡಿಸಿ. ನೇತಾಡುವ ಬಳ್ಳಿಯ ಎಲೆ ಹೋಗಹೋಗುತ್ತ ಸಣ್ಣದಾಗುವುದು ಈ ಗಿಡದ ಸ್ವಭಾವ, ಅದು ರೋಗವಲ್ಲ. ಮರ ಹತ್ತಿದರೆ ಮಾತ್ರ ಎಲೆ ದೊಡ್ಡದಾಗುತ್ತದೆ.

ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ. ಬಿಳಿ ಎಲೆಯಲ್ಲಿ ಬೇಗ ಕಣ್ಣಿಗೆ ಬೀಳುವುದಿಲ್ಲ, ಹಗ್ಗದ ಮೇಲೆ ಇರುವೆ ಸಾಲು ಕಂಡರೆ ಅನುಮಾನಪಡಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ದ್ರವ ಸೋಪು ಕಲಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೆರಡು ಸಲ.

ಮುಂದೆ ಇನ್ನೊಂದು ಮಚ್ಚೆಯ ಬಳ್ಳಿ ತರುವ ಯೋಚನೆಯಿದ್ದು ಜಾಗ ಹೀಗೇ ಕತ್ತಲೆಯಾದರೆ, ಬೆಳ್ಳಿ ಚುಕ್ಕೆಯ ಸಿಂಡಾಪ್ಸಸ್ ಪಿಕ್ಟಸ್ ನೋಡಿ. ಅದರ ಬೆಳ್ಳಿ ಬಣ್ಣ ಎಲೆಯ ಹೊರಪದರದ ಅಡಿಯ ಗಾಳಿಯಿಂದ ಬರುವಂಥದ್ದು, ಕೆಳಗೆ ಹಸಿರು ಇದ್ದೇ ಇರುತ್ತದೆ. ಹಾಗಾಗಿ ಈ ರೀತಿ ಹಸಿರಿಗೆ ಮರಳುವ ತಾಪತ್ರಯ ಕಡಿಮೆ.

ಈ ಬಳ್ಳಿಯ ರಸದಲ್ಲಿ ಕ್ಯಾಲ್ಸಿಯಮ್ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಕತ್ತರಿಸಿದ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಅಗಿದರೆ ಬಾಯಿ ಉರಿದು ಊದುತ್ತದೆ, ಆದ್ದರಿಂದ ಮಕ್ಕಳ ಕೈಗೆ, ಬೆಕ್ಕು-ನಾಯಿಯ ಬಾಯಿಗೆ ಎಟುಕದ ಹಾಗೆ ಬಳ್ಳಿಯ ಉದ್ದವನ್ನು ಕತ್ತರಿಸುತ್ತಿರಿ. ಬೇಡದ ಹಸಿರು ತುಂಡುಗಳನ್ನು ತೋಟದ ಬದುವಿಗೋ ಗುಡ್ಡೆಗೋ ಎಸೆಯಬೇಡಿ. ಶ್ರೀಲಂಕಾ, ಹವಾಯಿಯಲ್ಲಿ ಇದು ಕಾಡಿಗೆ ನುಗ್ಗಿ ಕಳೆಯಾಗಿದೆ, ನಮ್ಮ ಮಳೆಯಲ್ಲೂ ಒಂದು ಗಂಟು ನೆಲಕ್ಕೆ ತಾಗಿದರೆ ಸಾಕು ಬೇರು ಬಿಟ್ಟು ಮರ ಹತ್ತುತ್ತದೆ. ಪೂರ್ತಿ ಒಣಗಿಸಿ ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.