ಚಿಕ್ಕಮ್ಮನ ಕಾಲಿನಿಂದಲೇ ಶುರು ಮಾಡಿ

ನಮಸ್ಕಾರ. ರಕ್ತ ಬೇಗ ಹೆಪ್ಪುಗಟ್ಟುವ, ಮನೆತನದಲ್ಲಿ ಬರುವ ತೊಂದರೆಯ ಬಗ್ಗೆ ನೀವು ಕಳಿಸಿದ ‘ರಕ್ತದಲ್ಲಿ ಬಂದ ಶಾಪ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದು ಜನ ಓದಲೇಬೇಕಾದ ವಿಷಯ.

ಬಾಣಂತನದಲ್ಲಿ ನಿಮ್ಮ ಚಿಕ್ಕಮ್ಮನ ಎಡಗಾಲು ಮಾತ್ರ ಊದಿಕೊಂಡಿತ್ತು. ಮೀನಖಂಡ ಮುಟ್ಟಿದರೆ ನೋವು. ಮನೆಯವರು ನಂಜು ಅಂದುಕೊಂಡು ಕುಡಿಯುವ ನೀರನ್ನೂ ಕಡಿಮೆ ಮಾಡಿದರು. ಲೇಖನದ ಜೀವ ಇರುವುದೇ ಇಲ್ಲಿ, ಅದನ್ನು ಕೊನೆಯ ಪುಟದ ನಾಲ್ಕು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ! ಹೆರಿಗೆಯಾದ ಮೊದಲ 6 ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಅದೇ ಹೊತ್ತಿನಲ್ಲಿ ನಾವು ಬಾಣಂತಿಯನ್ನು ಮಲಗಿಸಿಯೇ ಇಡುತ್ತೇವೆ, ನೀರು ಕೊಡಲು ಹಿಂದೆಮುಂದೆ ನೋಡುತ್ತೇವೆ. ಒಂದೇ ಕಾಲು ಊದಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು ಎಂದು ಇಲ್ಲೇ ಬರೆಯಿರಿ.

ಚಿಕ್ಕಮ್ಮನಿಗೆ ಇರುವುದು ಪ್ರೋಟೀನ್ ಎಸ್ ಕೊರತೆ ಅಂತೀರಿ. ಆದರೆ ಎರಡು ಪುಟ ತುಂಬಿಸಿರುವುದು ಫ್ಯಾಕ್ಟರ್ ಫೈವ್ ಲೈಡನ್ ಬಗ್ಗೆ. ಅದೂ ರಕ್ತ ಹೆಪ್ಪುಗಟ್ಟಿಸುವಂಥದ್ದೇ, ಆದರೆ ಯುರೋಪ್ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಬೇರೆಯದೇ ತೊಂದರೆ. ಅದನ್ನು ಒಂದು ಸಾಲಿಗೆ ಇಳಿಸಿ. ‘ಸ್ಕಂದನ ಪ್ರತಿರೋಧಕ ಘಟಕಗಳ ನ್ಯೂನತೆ’ ಅಂದರೆ ಯಾರಿಗೆ ಅರ್ಥವಾಗುತ್ತದೆ? ಪ್ರೋಟೀನ್ ಸಿ ಮತ್ತು ಎಸ್ ಸೇರಿ ಹೆಪ್ಪುಗಟ್ಟುವುದಕ್ಕೆ ಬ್ರೇಕ್ ಹಾಕುತ್ತವೆ, ಎಸ್ ಕಡಿಮೆಯಾದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಇಷ್ಟು ಸಾಕು.

‘ಅಪಾಯ 5 ಪಟ್ಟು’ ಎಂದು ಹೆದರಿಸಿ ಮುಂದೆ ಹೋಗಿದ್ದೀರಿ. ಯಾವುದರ 5 ಪಟ್ಟು? ಸಾಮಾನ್ಯವಾಗಿ ವರ್ಷಕ್ಕೆ 1,000 ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಹೀಗೆ ರಕ್ತ ಹೆಪ್ಪುಗಟ್ಟುತ್ತದೆ. 5 ಪಟ್ಟು ಅಂದರೂ ಉಳಿದ 995 ಜನಕ್ಕೆ ಆ ವರ್ಷ ಏನೂ ಆಗುವುದಿಲ್ಲ. ಅದನ್ನೂ ಹೇಳಿ. ತಲೆಬರಹದಿಂದ ‘ಶಾಪ’ ತೆಗೆಯಿರಿ. ಮದುವೆಗೆ ಬಂದ ಹುಡುಗಿಯರಿರುವ ಮನೆಯಲ್ಲಿ ಆ ಮಾತು ಏನು ಮಾಡುತ್ತದೆ ಅಂತ ನಿಮಗೆ ಗೊತ್ತು, ಅಲ್ವಾ?

‘ಮನೆಮಂದಿಯೆಲ್ಲ ಕೂಡಲೇ ಪರೀಕ್ಷೆ ಮಾಡಿಸಿ’ ಎಂಬ ಸಾಲೂ ಬೇಡ. ಯಾರಿಗೆ ಬೇಕು, ಯಾವಾಗ ಬೇಕು ಎಂದು ವೈದ್ಯರೇ ಹೇಳಬೇಕು. ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್ ತಾನಾಗಿಯೇ ಇಳಿಯುತ್ತದೆ, ಹೆರಿಗೆಯಾದ ಮೇಲೂ ಕೆಲವು ವಾರ ಹಾಗೇ ಇರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವಾಗಲೂ ಇಳಿಯುತ್ತದೆ. ಆಗ ಪರೀಕ್ಷೆಗೆ ರಕ್ತ ಕೊಟ್ಟರೆ ಇಲ್ಲದ ಕೊರತೆ ಇದೆ ಎಂದು ಬರಬಹುದು. ಚಿಕ್ಕಮ್ಮನ ರಿಪೋರ್ಟ್ ಯಾವ ದಿನದ್ದು ನೋಡಿ. ಬಾಣಂತನದಲ್ಲೇ ಮಾಡಿಸಿದ್ದಾದರೆ, ಲೇಖನ ಆಮೇಲೆ ತಿದ್ದಿ, ಮೊದಲು ಅವರನ್ನು ರಕ್ತರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.