ಬೆಳಗಾವಿಯಲ್ಲಿ ಮರಾಠಿ ಬಾರದೆ ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡಬಹುದಾ?

ನೌಕರಿಗೆ ಅಂತ ಹಾಸನದಿಂದ ಬೆಳಗಾವಿಗೆ ಬಂದಿದ್ದೀರಿ, ಭಾನುವಾರ ಬಿಡುವಿದೆ, ಯಾವುದಾದರೂ ಸೇವಾ ಸಂಸ್ಥೆಗೆ ಹೋಗಬೇಕು ಅಂತಿದ್ದೀರಿ. ಆದರೆ ಮರಾಠಿ ಬರಲ್ಲ, ಹೋದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತೆ. ಕನ್ನಡ ಓದಿ ಬರೆಯಲು ಬರುತ್ತಲ್ಲ, ಇಲ್ಲಿ ಬೇಕಾಗಿರೋದೇ ಅದು.

ನಾನು ವಡಗಾವಿಯ ಒಂದು ಸಣ್ಣ ಸಂಸ್ಥೆಗೆ 2019ರಿಂದ ಹೋಗುತ್ತಿದ್ದೇನೆ. ಆ ವರ್ಷ ಆಗಸ್ಟ್ ಮಳೆಗೆ ನೇಕಾರರ ಮನೆಗಳಿಗೆ ನೀರು ನುಗ್ಗಿ, ಮಗ್ಗದ ಮೋಟಾರುಗಳು ನೀರಲ್ಲೇ ನಿಂತಿದ್ದವು. ನಾವು ಊಟ ಹಂಚಲು ಹೋದವರು. ನಾಲ್ಕು ದಿನಕ್ಕೆ ಊಟ ಹೆಚ್ಚಾಗಿ ಉಳಿಯತೊಡಗಿತು. ಜನ ಆಗ ಕೇಳಿದ್ದು ಬೇರೆ: "ಪರಿಹಾರದ ಅರ್ಜಿ ತುಂಬಿ ಕೊಡ್ತೀರೇನ್ರಿ?" ಅವತ್ತಿನಿಂದ ನಮ್ಮದು ಕಾಗದಪತ್ರದ ಕೆಲಸ.

ಬರೋರು ಎಲ್ಲ ಥರದವರು. ವಡಗಾವಿ, ಖಾಸಬಾಗದ ನೇಕಾರರು, ಮರಾಠಿ ಮಾತಾಡುವ ಮನೆಗೆಲಸದ ಹೆಂಗಸರು, ಉರ್ದು ಮಾತಾಡುವ ಗ್ಯಾರೇಜ್ ಹುಡುಗರು, ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವ ಬಿಹಾರದವರು. ತಮ್ಮೂರಿನ ರೇಷನ್ ಕಾರ್ಡ್ ಮೇಲೆ ಇಲ್ಲಿಯ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೋಬಹುದು ಅನ್ನೋದು ಬಿಹಾರದ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ.

ಒಂದು ಭಾನುವಾರ ಮರಾಠಿ ಅಜ್ಜಿಯೊಬ್ಬರು ಬಂದರು. ಕ್ಯಾರಿಬ್ಯಾಗ್ ಒಳಗೆ ಇನ್ನೊಂದು ಕ್ಯಾರಿಬ್ಯಾಗ್, ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಕಾಗದಗಳು. ಸಂಧ್ಯಾ ಸುರಕ್ಷಾ ಹಣ, ಅಂದರೆ 65 ದಾಟಿದ ಬಡವರಿಗೆ ತಿಂಗಳಿಗೆ ಸಿಗುವ 1,200 ರೂಪಾಯಿ, ಐದು ತಿಂಗಳಿಂದ ಬಂದಿರಲಿಲ್ಲ. ಹೋದಲ್ಲೆಲ್ಲ "ಉದ್ಯಾ ಯಾ" ಅಂತಿದ್ದರಂತೆ. ನಾಳೆ ಬಾ ಅಂತ. ಹಿಂದೆ ದೆವ್ವಕ್ಕೆ ಅಂತ ಬಾಗಿಲ ಮೇಲೆ ಬರೀತಿದ್ದ ಮಾತು ಅದು, ಅಲ್ವಾ?

ಆಧಾರ್ ವೆಬ್‌ಸೈಟ್‌ನಲ್ಲಿ ಲಾಗಿನ್ ಆದರೆ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಅಂತ ತೋರಿಸುತ್ತೆ. ಎರಡು ನಿಮಿಷದ ಕೆಲಸ. ಆದರೆ ಒಟಿಪಿ ಹೋಗುವ ನಂಬರ್ ಪುಣೆಯಲ್ಲಿದ್ದ ಮಗನದು. ಅವನು ರಾತ್ರಿ ಶಿಫ್ಟ್ ಮುಗಿಸಿ ಮಲಗಿದ್ದ. ಒಟಿಪಿ ಅಂದ ಕೂಡಲೇ ಮೋಸದ ಫೋನ್ ಅಂದುಕೊಂಡು ಎರಡು ಸಲ ಕಟ್ ಮಾಡಿದ. ಮೂರನೇ ಸಲ ಅಜ್ಜಿಯೇ ಫೋನ್ ಕಿತ್ತುಕೊಂಡು ಮರಾಠಿಯಲ್ಲಿ ಬೈದರು ನೋಡಿ, ಆರು ಅಂಕಿ ತಕ್ಷಣ ಬಂದವು. ಹಣ ನಿಂತೇ ಇರಲಿಲ್ಲ. ಯಾವತ್ತೋ ಸಂಘದ ಸಾಲಕ್ಕೆ ತೆರೆದ ಹಳೇ ಖಾತೆಗೆ ಆಧಾರ್ ಜೋಡಣೆಯಾಗಿ, ತಿಂಗಳಾ ಅಲ್ಲಿಗೇ ಹೋಗಿ ಬೀಳುತ್ತಿತ್ತು. ಆ ಪಾಸ್‌ಬುಕ್ ಅಜ್ಜಿಯ ಕ್ಯಾರಿಬ್ಯಾಗ್‌ನಲ್ಲೇ ಇತ್ತು, ಎಲ್ಲಕ್ಕಿಂತ ಕೆಳಗೆ.

ಎಲ್ಲವೂ ಹೀಗೆ ಸಲೀಸಾಗಿ ಮುಗಿಯಲ್ಲ. ಜಾಸ್ತಿ ತೊಂದರೆ ಹೆಸರಿನದು. ಮರಾಠಿ ಶಾಲೆಯ ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು, ರೇಷನ್ ಕಾರ್ಡ್‌ನಲ್ಲಿ ಮತ್ತೊಂದು. ಒಂದರಲ್ಲಿ ಗಂಡನ ಹೆಸರು ನಡುವೆ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಶುರುವಿನಲ್ಲಿ ಒಬ್ಬ ಹೆಣ್ಣುಮಗಳಿಗೆ ನಾನು "ಮುಂದಿನ ತಿಂಗಳು ಬಂದೇ ಬರುತ್ತೆ" ಅಂದುಬಿಟ್ಟಿದ್ದೆ. ಹೆಸರು ತಾಳೆಯಾಗದೆ ಅರ್ಜಿ ವಾಪಸ್ ಬಂತು. ಅವರು ನಾಲ್ಕು ತಿಂಗಳು ಕೂಲಿ ಬಿಟ್ಟು ಬಂದು ನನ್ನ ಮುಂದೆ ಕೂತರು, ಒಂದು ದಿನವೂ ಬೈಯಲಿಲ್ಲ. ಈಗ ಯಾರಿಗೂ ತಾರೀಖು ಹೇಳಲ್ಲ.

ಸಂಸ್ಥೆ ಆರಿಸುವಾಗ ನೋಂದಣಿ ಪತ್ರ, ಹೋದ ವರ್ಷದ ಆಡಿಟ್ ತೋರಿಸಿ ಅನ್ನಿ. ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ. ಜನರ ಮೂಲ ದಾಖಲೆ ಇಟ್ಟುಕೊಳ್ಳುವ ಕಡೆ, ಒಟಿಪಿಯನ್ನ ರಾಶಿಗಟ್ಟಲೆ ಕೇಳುವ ಕಡೆ ನಿಲ್ಲಲೇಬೇಡಿ. ಡಿಸೆಂಬರ್‌ನಲ್ಲಿ ಕಂಬಳಿ ಕೊಟ್ಟು ಫೋಟೋ ಹೊಡೆಸಿಕೊಳ್ಳುವವರು ಬೇಕಾದಷ್ಟು ಸಿಗುತ್ತಾರೆ. ತಪ್ಪು ಅನ್ನಲ್ಲ, ಆದರೆ ಒಂದೇ ಮನೆಗೆ ಮೂರು ಕಂಬಳಿ ಹೋಗಿದ್ದನ್ನ ನಾನೇ ನೋಡಿದ್ದೇನೆ.

ಮರಾಠಿ ಚಿಂತೆ ಬಿಡಿ. ಇಲ್ಲಿಯ ಜನ ಒಂದೇ ಮಾತಿನಲ್ಲಿ ಎರಡು ಭಾಷೆ ದಾಟುತ್ತಾರೆ. "ಬಸಾ" ಅಂದರೆ ಕೂತ್ಕೊಳ್ಳಿ, "ಕಾಯ ಝಾಲಂ" ಅಂದರೆ ಏನಾಯ್ತು. ಮೊದಲ ತಿಂಗಳಿಗೆ ಇಷ್ಟು ಸಾಕು. ಬರುವಾಗ ಒಂದು ಸ್ಟ್ಯಾಂಪ್ ಪ್ಯಾಡ್, ಎರಡು ಪೆನ್ನು ತನ್ನಿ. ಒಂದನ್ನ ಯಾರಾದರೂ ಒಯ್ದೇ ಒಯ್ಯುತ್ತಾರೆ.